ಶವಾಹಾರಿ ಜೀರುಂಡೆಗಳ ವಂಶ ಮತ್ತು ವರ್ಗ : ಒಂದು ವಿಮರ್ಶೆ

ಪ್ರಾಣಿಶಾಸ್ತ್ರದ ಒಂದು ವರ್ಗೀಕರಣವನ್ನು ಕುರಿತು ಇತಿಹಾಸದ ಅಧ್ಯಾಪಕನೊಬ್ಬನು ಬರೆಯುವುದು ಅಧಿಕಪ್ರಸಂಗವೆಂದು ಕೆಲವರಿಗೆ ತೋರಬಹುದು. ಆದರೆ ಜೀವಿಗಳ ವರ್ಗೀಕರಣವು ಡಾರ್ವಿನ್ನನ ಕಾಲದಿಂದೀಚೆಗೆ ಕೇವಲ ಪಟ್ಟಿಯಾಗಿ ಉಳಿದಿಲ್ಲ. ಇಂಥ ಪ್ರಾಣಿ ಇಂಥ ಕುಟುಂಬಕ್ಕೆ ಸೇರಿದುದು ಎಂಬ ಮಾತು ಈಗ ಆ ಪ್ರಾಣಿಯ ಪೂರ್ವಿಕರನ್ನು ಕುರಿತ ಮಾತು. ಎಂದರೆ, ಹಿಂದೆ ನಡೆದುಹೋದ, ಯಾರೂ ಕಣ್ಣಾರೆ ಕಾಣದ ಸಂಗತಿಯೊಂದನ್ನು ಕುರಿತ ಪ್ರತಿಜ್ಞೆ. ಅಂಥ ಪ್ರತಿಜ್ಞೆಗಳನ್ನು ಯಾವ ಆಧಾರದ ಮೇಲೆ ಒಪ್ಪಬೇಕು, ಯಾವುದನ್ನು ಬಿಡಬೇಕು ಎಂಬುದು ಇತಿಹಾಸಜ್ಞರಿಗೆ ನಿತ್ಯದ ಪ್ರಶ್ನೆ. ಆದುದರಿಂದ ಪ್ರಾಣಿಶಾಸ್ತ್ರಜ್ಞರು ಒದಗಿಸಿರುವ ಆಧಾರಗಳಿಗೆ ಹೊಸದೇನನ್ನೂ ಸೇರಿಸದೆ, ಆ ಆಧಾರಗಳಿಂದ ಅವರು ತೆಗೆದ ತೀರ್ಮಾನಗಳನ್ನು ಮಾತ್ರ ಪರಿಶೀಲಿಸುವುದು ಈ ಲೇಖನದ ಉದ್ದೇಶ.

ಇದಕ್ಕೆ ಉದಾಹರಣೆಯಾಗಿ ಆರಿಸಿಕೊಂಡಿರುವುದು ಶವಾಹಾರಿ ಜೀರುಂಡೆಗಳ ಗುಂಪನ್ನು. ಸತ್ತ ಇಲಿ, ಹಕ್ಕಿ, ದೊಡ್ಡ ಪ್ರಾಣಿಗಳ ಕಳೇಬರಗಳ ಬಳಿಯಲ್ಲಿ ಸೇರುವ ಈ ಜೀರುಂಡೆಗಳನ್ನು ವಿಜ್ಞಾನಿಗಳು ಎರಡು ಶತಮಾನಗಳಿಗೂ ಹೆಚ್ಚು ಕಾಲ ‘ಸಿಲ್ಫಿಡೇ’ ಎಂಬ ಸ್ವತಂತ್ರ ಕುಟುಂಬವೆಂದು ಎಣಿಸಿದರು. ಇದರಲ್ಲಿ ಈಗ ಬದುಕಿರುವ ಪ್ರಭೇದಗಳು ಇನ್ನೂರಕ್ಕೆ ಸಮೀಪ. 2022ರಲ್ಲಿ ಕಾಯ್ ಚೆನ್‌ಯಾಂಗ್ ಮತ್ತು ಅವರ ಸಹೋದ್ಯೋಗಿಗಳು ಜೀರುಂಡೆಗಳ ಇಡೀ ಗಣವನ್ನೇ ಪುನಃ ಪರಿಶೀಲಿಸಿ, ಈ ಕುಟುಂಬವನ್ನು ರದ್ದುಮಾಡಿ, ಅದನ್ನು ‘ಸ್ಟ್ಯಾಫಿಲಿನಿಡೇ’ ಎಂಬ ಮಹಾಕುಟುಂಬದೊಳಗಿನ ಒಂದು ಉಪಕುಟುಂಬವಾಗಿ ಇಳಿಸಿದರು. 2024ರಲ್ಲಿ ಸೈಕ್ಸ್, ಥೇಯರ್, ನ್ಯೂಟನ್ ಎಂಬ ಮೂವರು ತಜ್ಞರು ಪೂರ್ವಪಕ್ಷ ಸಿದ್ಧಾಂತಗಳೆರಡನ್ನೂ ಒಟ್ಟುಗೂಡಿಸಿ ತೂಗಿ, ಈ ಇಳಿಕೆಯನ್ನು ಸಮರ್ಥಿಸಿದರು. ಈ ಬದಲಾವಣೆ ನ್ಯಾಯವಾದುದೇ, ಅದರಿಂದ ಸಿದ್ಧವಾದುದೆಷ್ಟು, ಸಿದ್ಧವಾಗದೆ ಉಳಿದುದೆಷ್ಟು ಎಂಬುದನ್ನು ವಿಚಾರಿಸೋಣ.

ಪರಿಭಾಷೆಯ ವಿಷಯವಾಗಿ ಒಂದು ಮಾತು. ಇಲ್ಲಿ ‘ಪ್ರಭೇದ’ವೆಂದರೆ ತಮ್ಮತಮ್ಮೊಳಗೆ ಸಂತಾನ ಬೆಳೆಸುವ ಜೀವಿಗಳ ಕಿರಿಯ ಘಟಕ, ಹತ್ತಿರದ ಪ್ರಭೇದಗಳು ಸೇರಿ ‘ಜಾತಿ’, ಜಾತಿಗಳು ಸೇರಿ ‘ಕುಟುಂಬ’, ಕುಟುಂಬಗಳು ಸೇರಿ ‘ಗಣ’. ಉಪಕುಟುಂಬ, ಪಂಗಡ ಎಂಬುವು ಕುಟುಂಬದೊಳಗಿನ ವಿಭಾಗಗಳು.

1. ಹೆಸರಿನ ಚರಿತ್ರೆ

ಲಿನೇಯಸನು 1758ರಲ್ಲಿ ತನ್ನ ಮಹಾಗ್ರಂಥದ ಹತ್ತನೆಯ ಆವೃತ್ತಿಯನ್ನು ಪ್ರಕಟಿಸಿದಾಗ ಈ ಜೀರುಂಡೆಗಳನ್ನು ‘ಸಿಲ್ಫ’ ಎಂಬ ಒಂದೇ ಜಾತಿಯಲ್ಲಿ ಇರಿಸಿದನು. ಸಣ್ಣ ಹೆಣಗಳನ್ನು ಮಣ್ಣಿನಲ್ಲಿ ಹೂಳುವ ಜೀರುಂಡೆಯೂ, ಹೂಳದೆ ಹೆಣದ ಮೇಲೆಯೇ ಮೇಯುವ ಚಪ್ಪಟೆ ಜೀರುಂಡೆಯೂ ಅವನಿಗೆ ಒಂದೇ ಮನೆಯವು. ಅವನ ಶಿಷ್ಯನಾದ ಫ್ಯಾಬ್ರಿಸಿಯಸನು 1775ರಲ್ಲಿ ಹೂಳುವ ಜೀರುಂಡೆಗಳನ್ನು ಬೇರ್ಪಡಿಸಿ ‘ನಿಕ್ರೋಫೋರಸ್’ ಎಂಬ ಹೊಸ ಜಾತಿಯನ್ನು ಕಲ್ಪಿಸಿದನು. ಹೆಣವನ್ನು ಹೊರುವವನು ಎಂಬ ಗ್ರೀಕ್ ಅರ್ಥಕ್ಕೆ ‘ನೆಕ್ರೋಫೋರಸ್’ ಎಂದಿರಬೇಕೆಂದು ಮುಂದಿನ ವಿದ್ವಾಂಸರು ಅದನ್ನು ತಿದ್ದಿದರು. ತಿದ್ದಿದ ರೂಪವೇ ಬಹುಕಾಲ ಗ್ರಂಥಗಳಲ್ಲಿ ನಡೆಯಿತು. ಮೊದಲು ಅಚ್ಚಾದ ರೂಪವೇ ಪ್ರಮಾಣವೆಂಬ ನಿಯಮಕ್ಕನುಸಾರವಾಗಿ ಈಗ ಫ್ಯಾಬ್ರಿಸಿಯಸನ ಕಾಗುಣಿತವೇ ಮಾನ್ಯವಾಗಿದೆ.

ಕುಟುಂಬಗಳ ಕಲ್ಪನೆಯನ್ನು ಕೀಟಶಾಸ್ತ್ರದಲ್ಲಿ ನೆಲೆಗೊಳಿಸಿದವನು ಫ್ರಾನ್ಸಿನ ಲಾತ್ರೇಯ್. ಸ್ಟ್ಯಾಫಿಲಿನಿಡೇ ಕುಟುಂಬದ ಹೆಸರು ಅವನ 1802ರ ಗ್ರಂಥಕ್ಕೂ, ಸಿಲ್ಫಿಡೇ ಕುಟುಂಬದ ಹೆಸರು ಅವನದೇ 1806ರ ಗ್ರಂಥಕ್ಕೂ ಸಲ್ಲುತ್ತವೆ. ಇಂದು ಒಂದನ್ನೊಂದು ನುಂಗುತ್ತಿರುವ ಎರಡು ಹೆಸರುಗಳೂ ಒಬ್ಬನೇ ವಿದ್ವಾಂಸನ ಲೇಖನಿಯಿಂದ ನಾಲ್ಕು ವರ್ಷಗಳ ಅಂತರದಲ್ಲಿ ಬಂದವು. ಎರಡನ್ನೂ ಸೇರಿಸಿದರೆ ಉಳಿಯಬೇಕಾದುದು ಹಿರಿಯದಾದ ಸ್ಟ್ಯಾಫಿಲಿನಿಡೇ ಎಂಬುದೂ ಇದರಿಂದಲೇ ನಿಶ್ಚಿತವಾಗುತ್ತದೆ.

ಹತ್ತೊಂಬತ್ತನೆಯ ಶತಮಾನದಲ್ಲಿ ಸಿಲ್ಫಿಡೇ ಎಂಬುದು ಒಂದು ಧರ್ಮಛತ್ರದಂತಾಯಿತು. ಬೇರೆಲ್ಲಿಯೂ ಎಡೆ ಸಿಗದ ಅನೇಕ ಸಣ್ಣ ಜೀರುಂಡೆಗಳನ್ನು ಅಲ್ಲಿಗೆ ತಂದು ಸೇರಿಸಿದರು. ಇಪ್ಪತ್ತನೆಯ ಶತಮಾನದಲ್ಲಿ ಅವುಗಳನ್ನು ಒಂದೊಂದಾಗಿ ಹೊರಗೆ ಕಳಿಸುವ ಕೆಲಸ ನಡೆಯಿತು. ಅಗಿರ್ಟಿಡೇ ಎಂಬ ಗುಂಪು ಹೀಗೆ ಬೇರ್ಪಟ್ಟು ತನ್ನದೇ ಕುಟುಂಬವಾದುದು ಆ ಶತಮಾನದ ಉತ್ತರಾರ್ಧದಲ್ಲಿ. ಪೋರ್ತವ್ಯಾಂ ಎಂಬ ಫ್ರೆಂಚ್ ವಿದ್ವಾಂಸನು 1926ರಲ್ಲಿ ಪ್ರಪಂಚದ ದೊಡ್ಡ ಶವಾಹಾರಿ ಜೀರುಂಡೆಗಳನ್ನೆಲ್ಲ ಕುರಿತು ಬರೆದ ಗ್ರಂಥವು ಬಹುಕಾಲ ಈ ಕ್ಷೇತ್ರದ ಆಧಾರಗ್ರಂಥವಾಗಿತ್ತು. ಆ ಗ್ರಂಥದ ಶೀರ್ಷಿಕೆಯೇ ಹೇಳುವಂತೆ, ಗುಂಪನ್ನು ಒಂದುಗೂಡಿಸಿದ್ದ ಗುಣಗಳು ಎರಡು : ದೊಡ್ಡ ಗಾತ್ರ ಮತ್ತು ಹೆಣವನ್ನು ತಿನ್ನುವ ವೃತ್ತಿ. ಈ ಎರಡು ಗುಣಗಳಲ್ಲಿ ವಂಶವನ್ನು ತೋರಿಸುವ ಬಲ ಎಷ್ಟಿದೆಯೆಂಬುದೇ ನಮ್ಮ ಮೊದಲನೆಯ ಪ್ರಶ್ನೆ.

2. ವೃತ್ತಿ ಬೇರೆ, ವಂಶ ಬೇರೆ

ಒಂದೇ ಕಸುಬಿನವರೆಲ್ಲ ಒಂದೇ ಮನೆತನದವರಲ್ಲ. ಕಳೇಬರದ ಮೇಲೆ ಸೇರುವ ಜೀರುಂಡೆಗಳ ಸಭೆಯಲ್ಲಿ ಇದು ಬಹಳ ಸ್ಪಷ್ಟವಾಗಿ ಕಾಣುತ್ತದೆ. ಅಲ್ಲಿ ಸಿಲ್ಫಿಡೇಗಳಲ್ಲದೆ, ಒಣಗಿದ ಚರ್ಮವನ್ನು ಕೊರೆಯುವ ಡರ್ಮೆಸ್ಟಿಡೇಗಳೂ, ಸಗಣಿಯ ಜೀರುಂಡೆಗಳ ಬಂಧುಗಳಾದ ಟ್ರಾಕ್ಸ್‌ಗಳೂ, ಕ್ಲೆರಿಡೇ ಕುಟುಂಬದ ನೆಕ್ರೋಬಿಯಗಳೂ ನೆರೆಯುತ್ತವೆ. ಇವು ಜೀರುಂಡೆಗಳ ಗಣದ ಬಹುದೂರದ ಕೊಂಬೆಗಳು. ಇವುಗಳಲ್ಲಿ ನೆಕ್ರೋಬಿಯದ ಹೆಸರಿಗೆ ಚರಿತ್ರೆಯಲ್ಲಿ ಒಂದು ವಿಶೇಷ ಸ್ಥಾನವಿದೆ. ಪಾದ್ರಿಯಾಗಿದ್ದ ಲಾತ್ರೇಯ್‌ನು ಫ್ರೆಂಚ್ ಮಹಾಕ್ರಾಂತಿಯ ಕಾಲದಲ್ಲಿ ಬೋರ್ಡೋ ನಗರದ ಸೆರೆಮನೆಯಲ್ಲಿದ್ದಾಗ, ಕೋಣೆಯಲ್ಲಿ ಸಿಕ್ಕಿದ ಕೆಂಗೊರಳಿನ ನೆಕ್ರೋಬಿಯವೊಂದು ಅವನ ವಿದ್ವತ್ತನ್ನು ಹೊರಗಿನವರಿಗೆ ತಿಳಿಸಲು ಕಾರಣವಾಗಿ, ಅವನ ಬಿಡುಗಡೆಗೆ ದಾರಿಮಾಡಿತು. ಅವನ ಸಮಾಧಿಯ ಮೇಲೂ ಆ ಜೀರುಂಡೆಯ ಹೆಸರನ್ನು ಕೆತ್ತಿದ್ದಾರೆ. ಹೆಸರಿನಲ್ಲಿ ‘ಹೆಣ’ವಿದೆ, ವಾಸ ಹೆಣದ ಬಳಿಯಲ್ಲಿ ; ಆದರೂ ಅದು ಸಿಲ್ಫಿಡೇಗಳ ಬಂಧುವಲ್ಲ. ಅದನ್ನು ಪ್ರತ್ಯೇಕವಾಗಿಡುವುದಕ್ಕೆ ಯಾರೂ ಇಂದು ಆಕ್ಷೇಪಿಸುವುದಿಲ್ಲ.

ಇದರ ವಿಪರ್ಯಾಸವೂ ಅಷ್ಟೇ ನಿಜ. ಸಿಲ್ಫಿಡೇಗಳ ಮನೆಯಲ್ಲಿ ಹುಟ್ಟಿದವೆಲ್ಲ ಶವಾಹಾರಿಗಳಲ್ಲ. ಯೂರೋಪಿನ ಫಾಸ್ಫುಗ ಅಟ್ರಾಟ ಎಂಬ ಪ್ರಭೇದವು ಬಸವನಹುಳುಗಳನ್ನು ಬೇಟೆಯಾಡುತ್ತದೆ. ಅದರ ತಲೆ ಚಿಪ್ಪಿನೊಳಕ್ಕೆ ಚಾಚಲು ಅನುಕೂಲವಾಗುವಂತೆ ಕಿರಿದಾಗಿ ನೀಳವಾಗಿದೆ. ಡೆಂಡ್ರೊಕ್ಸೀನ ಎಂಬುದು ಮರವೇರಿ ಕಂಬಳಿಹುಳುಗಳನ್ನು ತಿನ್ನುತ್ತದೆ. ಅಕ್ಲೈಪಿಯ ಒಪಾಕವಂತೂ ಸಸ್ಯಾಹಾರಿ. ಯೂರೋಪಿನ ಸಕ್ಕರೆಬೀಟ್ ಬೆಳೆಗೆ ಅದು ಪೀಡೆಯೆಂದೇ ರೈತರ ಲೆಕ್ಕ. ಹೂಳುವ ಜೀರುಂಡೆಗಳಲ್ಲಿಯೇ ಒಂದಾದ ಉತ್ತರ ಅಮೆರಿಕದ ನಿಕ್ರೋಫೋರಸ್ ಪುಸ್ಟುಲಾಟಸ್ ಹಾವಿನ ಮೊಟ್ಟೆಗಳ ಮೇಲೆ ಸಂತಾನ ಬೆಳೆಸುವುದನ್ನೂ ಕಂಡಿದ್ದಾರೆ. ಹೀಗೆ ಹೆಣ ತಿನ್ನುವ ಎಲ್ಲವೂ ಸಿಲ್ಫಿಡೇಗಳಲ್ಲ, ಸಿಲ್ಫಿಡೇಗಳೆಲ್ಲವೂ ಹೆಣ ತಿನ್ನುವುದಿಲ್ಲ. ವೃತ್ತಿಯು ಎರಡು ಕಡೆಗೂ ವಂಶದ ಸಾಕ್ಷಿಯಾಗಿ ಸೋಲುತ್ತದೆ. ಈ ಜೀರುಂಡೆಗಳನ್ನು ಒಂದು ಗುಂಪೆಂದು ನಾವು ಇಂದೂ ಒಪ್ಪುವುದು ಅವುಗಳ ಅಂಗರಚನೆ, ಮರಿಹುಳುಗಳ ರೂಪ ಮತ್ತು ಅನುವಂಶೀಯ ದ್ರವ್ಯದ ಸಾಕ್ಷ್ಯದಿಂದ, ಊಟದ ಸಾಕ್ಷ್ಯದಿಂದಲ್ಲ.

3. ಪಾಠಾಂತರದ ನ್ಯಾಯ

ಹಾಗಾದರೆ ಯಾವ ಗುಣವನ್ನು ಸಾಕ್ಷಿಯಾಗಿ ಎಣಿಸಬೇಕು ? ಇಲ್ಲಿ ಪ್ರಾಣಿಶಾಸ್ತ್ರವೂ ಗ್ರಂಥಸಂಪಾದನಶಾಸ್ತ್ರವೂ ಒಂದನ್ನೊಂದು ಅರಿಯದೆಯೇ ಒಂದೇ ನ್ಯಾಯಕ್ಕೆ ಬಂದುದನ್ನು ನಮ್ಮ ವಿದ್ಯಾರ್ಥಿಗಳು ಗಮನಿಸಬೇಕು.

ಒಂದು ಕಾವ್ಯಕ್ಕೆ ಹತ್ತು ಓಲೆಯ ಪ್ರತಿಗಳಿವೆ ಎನ್ನೋಣ. ಮೂಲ ಕವಿಯ ಶುದ್ಧಪಾಠವು ಎರಡು ಪ್ರತಿಗಳಲ್ಲಿ ಸಮಾನವಾಗಿ ಉಳಿದಿದ್ದರೆ ಅವುಗಳ ಪರಸ್ಪರ ಸಂಬಂಧದ ವಿಷಯದಲ್ಲಿ ಏನೂ ಸಿದ್ಧವಾಗುವುದಿಲ್ಲ. ಶುದ್ಧಪಾಠವು ಯಾವ ಪ್ರತಿಗಾದರೂ ಬರಬಹುದಾದ ಪಿತ್ರಾರ್ಜಿತ. ಆದರೆ ಮೂಲದಲ್ಲಿಲ್ಲದ ಒಂದು ವಿಚಿತ್ರ ಸ್ಖಾಲಿತ್ಯವು ಮೂರು ಪ್ರತಿಗಳಲ್ಲಿ ಒಂದೇ ಎಡೆಯಲ್ಲಿ ಕಂಡರೆ, ಆ ಮೂರಕ್ಕೂ ಮಾತೃಪ್ರತಿ ಒಂದೇ ಎಂದು ಊಹಿಸುವುದು ಯುಕ್ತ. ಜರ್ಮನಿಯ ಲಾಖ್‌ಮನ್ನನ ಹೆಸರಿನೊಡನೆ ಸೇರಿಬಂದಿರುವ ಈ ಕ್ರಮವನ್ನು, ನಮ್ಮ ದೇಶದ ಗ್ರಂಥಪರಂಪರೆಯ ಜಟಿಲತೆಗೆ ಹೊಂದಿಸಿಕೊಂಡು, ಪುಣೆಯ ಭಂಡಾರ್ಕರ್ ಪ್ರಾಚ್ಯವಿದ್ಯಾ ಸಂಶೋಧನ ಮಂದಿರದ ಮಹಾಭಾರತ ಸಂಪಾದಕರೂ ಬಳಸಿದರು.

ಜರ್ಮನಿಯ ಕೀಟಶಾಸ್ತ್ರಜ್ಞ ವಿಲ್ಲಿ ಹೆನಿಗ್ 1950ರಲ್ಲಿ ಪ್ರತಿಪಾದಿಸಿದುದೂ ಇದೇ. ಪೂರ್ವಿಕರಿಂದ ಎಲ್ಲರಿಗೂ ಬಂದ ಹಳೆಯ ಗುಣವು ಇಬ್ಬರಲ್ಲಿ ಉಳಿದಿದ್ದರೆ ಅವರು ವಿಶೇಷ ಬಂಧುಗಳೆಂದು ಹೇಳಲಾಗದು. ಹೊಸದಾಗಿ ಹುಟ್ಟಿದ ಗುಣವನ್ನು ಇಬ್ಬರು ಹಂಚಿಕೊಂಡಿದ್ದರೆ ಮಾತ್ರ ಅದು ಬಂಧುತ್ವದ ಸಾಕ್ಷಿ. ಅವನ ಗ್ರಂಥದ ಆಂಗ್ಲ ರೂಪವು 1966ರಲ್ಲಿ ಪ್ರಕಟವಾದ ಮೇಲೆ ಈ ನ್ಯಾಯವು ಜಗತ್ತಿನಾದ್ಯಂತ ಹರಡಿತು. ಇದರಿಂದ ಹೊರಟ ಇನ್ನೊಂದು ನಿಯಮವೇ ನಮ್ಮ ಪ್ರಕೃತ ವಿವಾದದ ಮೂಲ : ಸ್ವೀಕಾರಾರ್ಹವಾದ ಗುಂಪಿನಲ್ಲಿ ಒಬ್ಬ ಮೂಲಪುರುಷನೂ ಅವನ ಸಮಸ್ತ ಸಂತತಿಯೂ ಇರಬೇಕು, ಸಂತತಿಯಲ್ಲಿ ಕೆಲವರನ್ನು ರೂಪ ಬೇರೆಯೆಂದು ಹೊರಗಿಟ್ಟರೆ ಆ ಗುಂಪು ವಂಶಾವಳಿಯಲ್ಲ, ಆಯ್ದ ಪಟ್ಟಿ.

ಈ ನ್ಯಾಯವನ್ನು ಜೀರುಂಡೆಗಳಿಗೆ ಅನ್ವಯಿಸೋಣ. ಸ್ಟ್ಯಾಫಿಲಿನಿಡೇಗಳು 60,000ಕ್ಕೂ ಹೆಚ್ಚು ಪ್ರಭೇದಗಳುಳ್ಳ ಮಹಾಕುಟುಂಬ. ಬಹುಪಾಲು ಸ್ಟ್ಯಾಫಿಲಿನಿಡೇಗಳ ಗಡುಸಾದ ಮುಂರೆಕ್ಕೆಗಳು ಗಿಡ್ಡವಾಗಿದ್ದು, ತೋಳಿಲ್ಲದ ಕುಪ್ಪಸದಂತೆ, ಹೊಟ್ಟೆಯ ಬಹುಭಾಗವನ್ನು ಹೊರಗೆ ಬಿಡುತ್ತವೆ. ಹೂಳುವ ಜೀರುಂಡೆಗಳ ಮುಂರೆಕ್ಕೆಗಳೂ ತುದಿಯಲ್ಲಿ ಕತ್ತರಿಸಿದಂತೆ ಮೊಟಕಾಗಿದ್ದು ಹೊಟ್ಟೆಯ ಕೊನೆಯ ಭಾಗ ಹೊರಗೆ ಕಾಣುತ್ತದೆ. ಆದರೆ ಚಪ್ಪಟೆಯಾದ ಸಿಲ್ಫಗಳಲ್ಲಿ ಹಲವಕ್ಕೆ ಮುಂರೆಕ್ಕೆಗಳು ಹೊಟ್ಟೆಯನ್ನು ಬಹುಮಟ್ಟಿಗೆ ಮುಚ್ಚುತ್ತವೆ. ಈ ಕಾರಣದಿಂದ ಎರಡು ಕುಟುಂಬಗಳೂ ಅಕ್ಕಪಕ್ಕದ ಸೋದರರೆಂದು ಹಿಂದಿನವರು ಭಾವಿಸಿದುದು ಅಸಹಜವಲ್ಲ.

ಆದರೆ ರೆಕ್ಕೆಯ ಉದ್ದವು ಈ ಮನೆತನದಲ್ಲಿ ಹಿಂದೆಯೂ ವಿದ್ವಾಂಸರನ್ನು ದಾರಿತಪ್ಪಿಸಿತ್ತು. ಅಣಬೆಗಳಲ್ಲಿ ವಾಸಿಸುವ ಸ್ಕ್ಯಾಫಿಡಿಯಮ್‌ಗಳಿಗೆ ಮುಂರೆಕ್ಕೆಗಳು ಹೊಟ್ಟೆಯನ್ನು ಬಹುಪಾಲು ಮುಚ್ಚುವುದರಿಂದ ಅವುಗಳನ್ನು ಬಹುಕಾಲ ಪ್ರತ್ಯೇಕ ಕುಟುಂಬವೆಂದೇ ಎಣಿಸಿದ್ದರು. ಇರುವೆಯಂತೆ ಕಾಣುವ ಸ್ಕಿಡ್ಮೀನಿಡೇಗಳೂ ಪ್ರತ್ಯೇಕ ಕುಟುಂಬವಾಗಿದ್ದುವು. ಸೂಕ್ಷ್ಮ ಪರೀಕ್ಷೆಯಿಂದ ಇವೆರಡೂ ಸ್ಟ್ಯಾಫಿಲಿನಿಡೇಗಳ ಒಳಗಿನ ಕೊಂಬೆಗಳೆಂದು ತಿಳಿದುಬಂದಿತು. ಸ್ಕಿಡ್ಮೀನಿಡೇಗಳ ಸೇರ್ಪಡೆ ನಡೆದುದು 2009ರಲ್ಲಿ. ಪ್ಸೆಲಾಫಿಡೇ ಎಂಬ ಮತ್ತೊಂದು ದೊಡ್ಡ ಕುಟುಂಬಕ್ಕೂ ಇಪ್ಪತ್ತನೆಯ ಶತಮಾನದ ಕೊನೆಯಲ್ಲಿ ಇದೇ ಗತಿಯಾಗಿತ್ತು. ಸಿಲ್ಫಿಡೇಗಳ ಸರದಿ ಅಕಸ್ಮಾತ್ತಾಗಿ ಬಂದುದಲ್ಲ. ಅದು ಒಂದು ದೀರ್ಘ ಪರಿಷ್ಕರಣದ ಮುಂದಿನ ಹೆಜ್ಜೆ.

ನಿರ್ಣಾಯಕವಾದ ಸಾಕ್ಷ್ಯ ಬಂದುದು ಅನುವಂಶೀಯ ದ್ರವ್ಯದ ಅಕ್ಷರಮಾಲೆಯಿಂದ. 2000ದಲ್ಲಿ ಡೋಬ್ಲರ್ ಮತ್ತು ಮ್ಯೂಲರ್ ಶವಾಹಾರಿ ಜೀರುಂಡೆಗಳ ಆಂತರಿಕ ಸಂಬಂಧಗಳನ್ನು ಈ ವಿಧಾನದಿಂದ ಶೋಧಿಸಿದರು. 2015ರಲ್ಲಿ ಮೆಕೆನ್ನ ಮತ್ತು ಸಂಗಡಿಗರು ಇನ್ನೂ ವಿಶಾಲವಾದ ಬಲೆಯನ್ನು ಬೀಸಿ, ಸಿಲ್ಫಿಡೇಗಳು ಸ್ಟ್ಯಾಫಿಲಿನಿಡೇಗಳ ಪಕ್ಕದಲ್ಲಿ ಅಲ್ಲ, ಒಳಗೇ ಬೀಳುತ್ತವೆಂದು ಕಂಡರು. 2022ರ ಸಂಶೋಧನೆಯು 68 ಜೀನುಗಳನ್ನೂ ಕಾಲನಿರ್ಣಯಕ್ಕಾಗಿ 57 ಪಳೆಯುಳಿಕೆಗಳನ್ನೂ ಬಳಸಿ ಅದೇ ತೀರ್ಮಾನಕ್ಕೆ ಬಂದಿತು. ಸ್ವತಂತ್ರವಾದ ಹಲವು ಶಾಸನಗಳು ಒಂದೇ ಸಂಗತಿಯನ್ನು ಹೇಳಿದಾಗ ಇತಿಹಾಸಕಾರನು ಅದನ್ನು ಒಪ್ಪುತ್ತಾನೆ. ಇಲ್ಲಿಯೂ ಒಪ್ಪದೆ ಇರಲು ಕಾರಣ ಕಾಣದು.

ಆದರೆ ಒಪ್ಪಿಗೆಯ ಎಲ್ಲೆಯನ್ನೂ ಗುರುತಿಸಬೇಕು. ಸಿಲ್ಫಿಡೇಗಳು ಆ ಮಹಾಕುಟುಂಬದ ಒಳಗಿನವು ಎಂಬುದಕ್ಕೆ ಇರುವ ಬಲವು, ಅಲ್ಲಿ ಅವುಗಳಿಗೆ ಅತ್ಯಂತ ಸಮೀಪದ ಸೋದರಶಾಖೆ ಯಾವುದು ಎಂಬ ಉತ್ತರಕ್ಕೆ ಇಲ್ಲ. ಟ್ಯಾಕಿಪೋರೀನೇ ಮೊದಲಾದ ಉಪಕುಟುಂಬಗಳ ಸಮೀಪಕ್ಕೆ ಅವುಗಳನ್ನು ತರುವ ಪ್ರಯತ್ನಗಳು ನಡೆದಿವೆ. ಆಯ್ದ ಜೀನುಗಳೂ ಗಣಿತದ ಮಾದರಿಗಳೂ ಬದಲಾದಂತೆ ನೆರೆಹೊರೆಯೂ ಬದಲಾಗುತ್ತದೆ. ಮನೆ ಯಾವುದೆಂದು ಗೊತ್ತಾಗಿದೆ. ಮನೆಯೊಳಗೆ ಯಾವ ಕೋಣೆಯೆಂಬುದು ಇನ್ನೂ ಇತ್ಯರ್ಥವಾಗಿಲ್ಲ. ಪಠ್ಯಪುಸ್ತಕಗಳು ಎರಡನ್ನೂ ಸಮಾನ ನಿಶ್ಚಯದಿಂದ ಚಿತ್ರಿಸಿದರೆ ಅದು ತಪ್ಪಾಗುತ್ತದೆ.

4. ಆಕ್ಷೇಪಣೆಗಳು

ಈ ಬದಲಾವಣೆಗೆ ಎರಡು ಆಕ್ಷೇಪಣೆಗಳು ಸಹಜವಾಗಿ ಏಳುತ್ತವೆ.

ಮೊದಲನೆಯದು ಸೌಕರ್ಯದ ಆಕ್ಷೇಪಣೆ. ಸಿಲ್ಫಿಡೇ ಎಂಬ ಹೆಸರಿನಲ್ಲಿ ಇನ್ನೂರು ವರ್ಷಗಳ ಸಾಹಿತ್ಯವಿದೆ. ಸಾವಿನ ಕಾಲವನ್ನು ನಿರ್ಣಯಿಸುವ ನ್ಯಾಯವೈದ್ಯಕೀಯದಲ್ಲಿ, ಪರಿಸರದ ಅಧ್ಯಯನದಲ್ಲಿ, ಅಪಾಯಕ್ಕೊಳಗಾದ ಪ್ರಾಣಿಗಳ ಸಂರಕ್ಷಣೆಯಲ್ಲಿ ಆ ಹೆಸರು ಬೇರೂರಿದೆ. ಅಮೆರಿಕದ ದೊಡ್ಡ ಹೂಳುವ ಜೀರುಂಡೆಯಾದ ನಿಕ್ರೋಫೋರಸ್ ಅಮೆರಿಕಾನಸ್ ಅನ್ನು ಅಲ್ಲಿಯ ಸರಕಾರ 1989ರಲ್ಲಿ ವಿನಾಶದ ಅಂಚಿನಲ್ಲಿರುವ ಪ್ರಾಣಿಯೆಂದು ಪಟ್ಟಿಗೆ ಸೇರಿಸಿ, 2020ರಲ್ಲಿ ಅದಕ್ಕಿಂತ ಒಂದು ಮೆಟ್ಟಿಲು ಕಡಮೆ ಅಪಾಯದ ವರ್ಗಕ್ಕೆ ಬದಲಾಯಿಸಿತು. ಇಂಥ ಕಾರ್ಯಗಳಲ್ಲಿ ಹೆಸರುಗಳ ಸ್ಥಿರತೆಗೆ ಬೆಲೆಯಿದೆ. ಆದರೆ ಈ ಆಕ್ಷೇಪಣೆಯು ಮೇಲುನೋಟಕ್ಕೆ ಕಾಣುವಷ್ಟು ಬಲವಾದುದಲ್ಲ. ಪ್ರಭೇದದ ಹೆಸರು ಬದಲಾಗಿಲ್ಲ, ಜಾತಿಯ ಹೆಸರು ಬದಲಾಗಿಲ್ಲ. ಹಳೆಯ ಕುಟುಂಬವು ಸಿಲ್ಫೀನೇ ಎಂಬ ಉಪಕುಟುಂಬವಾಗಿ, ಅದರ ಹಳೆಯ ಎರಡು ಉಪಕುಟುಂಬಗಳು ಸಿಲ್ಫಿನಿ, ನಿಕ್ರೋಫೋರಿನಿ ಎಂಬ ಪಂಗಡಗಳಾಗಿ, ಇಡಿಯಾಗಿಯೇ ಉಳಿದಿವೆ. ಅಪಾಯಕ್ಕೊಳಗಾದ ಜೀರುಂಡೆಗೆ ಕಾನೂನು ಕೊಟ್ಟ ರಕ್ಷಣೆ ಕುಟುಂಬದ ಹೆಸರನ್ನು ಅವಲಂಬಿಸಿದುದಲ್ಲ.

ಎರಡನೆಯ ಆಕ್ಷೇಪಣೆ ಹೆಚ್ಚು ತೂಕವುಳ್ಳದ್ದು. ವಂಶಾವಳಿ ಸರಿಯಾಗಬೇಕೆಂಬುದಷ್ಟೇ ಗುರಿಯಾದರೆ, ಸಿಲ್ಫಿಡೇಯನ್ನು ಇಳಿಸುವುದೊಂದೇ ದಾರಿಯಲ್ಲ. ಸ್ಟ್ಯಾಫಿಲಿನಿಡೇಯನ್ನೇ ಅನೇಕ ಸಣ್ಣ ಕುಟುಂಬಗಳಾಗಿ ಒಡೆದರೆ ಸಿಲ್ಫಿಡೇ ತನ್ನ ಅಂತಸ್ತಿನಲ್ಲಿ ಉಳಿಯಬಹುದು. ಇದು ತರ್ಕಕ್ಕೆ ವಿರುದ್ಧವಲ್ಲ. ಕೂಡುಕುಟುಂಬದಲ್ಲಿ ಒಬ್ಬನನ್ನು ಸೇರಿಸಿಕೊಂಡರೂ, ಎಲ್ಲರೂ ಪಾಲಾದರೂ, ರಕ್ತಸಂಬಂಧ ಅದೇ. ಎಂದಮೇಲೆ ಯಾವುದನ್ನು ಆರಿಸಬೇಕು ? ಒಡೆಯುವುದಕ್ಕೆ ಒಳಗಿನ ಎಲ್ಲ ಕೊಂಬೆಗಳ ಸಂಬಂಧವೂ ಸ್ಥಿರವಾಗಿ ತಿಳಿದಿರಬೇಕು. ಅದು ತಿಳಿಯದಿರುವಾಗ ಒಡೆದರೆ, ಇಂದು ಮಾಡಿದ ಪಾಲು ನಾಳೆ ಪುನಃ ವಿವಾದಕ್ಕೆ ಬರುತ್ತದೆ ; ಹತ್ತಾರು ಸಾವಿರ ಪ್ರಭೇದಗಳ ಕುಟುಂಬನಾಮ ಬದಲಾಗುತ್ತದೆ. ಸೇರಿಸುವುದರಿಂದ ಬದಲಾಗುವುದು ಇನ್ನೂರಕ್ಕೆ ಸಮೀಪದ ಪ್ರಭೇದಗಳ ಅಂತಸ್ತು ಮಾತ್ರ. ಕನಿಷ್ಠ ಕ್ಷೋಭೆಯ ದಾರಿ ಇದೇ.

ಇಲ್ಲಿ ಒಂದು ಭೇದವನ್ನು ಮರೆಯಬಾರದು. ಸಿಲ್ಫಗಳು ಸ್ಟ್ಯಾಫಿಲಿನಿಡೇಗಳ ಸಂತತಿ ಎಂಬುದು ಚರಿತ್ರೆಯನ್ನು ಕುರಿತ ಹೇಳಿಕೆ. ಅದು ನಿಜವೋ ಸುಳ್ಳೋ ಆಗಿರಬೇಕು. ಅವುಗಳನ್ನು ಉಪಕುಟುಂಬವೆಂದು ಕರೆಯಬೇಕೆಂಬುದು ಒಡಂಬಡಿಕೆ. ಅದು ಯುಕ್ತವೋ ಅಯುಕ್ತವೋ ಆಗಿರಬಹುದು, ನಿಜಸುಳ್ಳುಗಳ ಪ್ರಶ್ನೆ ಅಲ್ಲಿ ಇಲ್ಲ. ಕುಟುಂಬವೊಂದು ‘ಇಲ್ಲವಾಯಿತು’ ಎಂದು ಜನಪ್ರಿಯ ಬರಹಗಳು ಹೇಳುವಾಗ ಈ ಎರಡನ್ನೂ ಕಲಸಿಬಿಡುತ್ತವೆ. ನಮ್ಮ ರಾಜವಂಶಗಳ ಅಧ್ಯಯನದಲ್ಲಿಯೂ ಇದೇ ಎಚ್ಚರಿಕೆ ಬೇಕಾಗಿದೆ. ಹೊಯ್ಸಳರ ಶಾಸನಗಳು ಅವರನ್ನು ಯದುವಂಶದವರೆಂದು ವರ್ಣಿಸುವುದು ಅಂತಸ್ತಿನ ಘೋಷಣೆ. ಅದನ್ನೇ ರಕ್ತಸಂಬಂಧದ ದಾಖಲೆಯೆಂದು ಓದುವವರು ಇತಿಹಾಸವನ್ನು ಬರೆಯುತ್ತಿಲ್ಲ.

5. ಶಿಶುಪಾಲನೆ ಮತ್ತು ಶಿಲೆಯ ಸಾಕ್ಷ್ಯ

ಶವಾಹಾರಿ ಜೀರುಂಡೆಗಳ ಕೀರ್ತಿಗೆ ಮುಖ್ಯ ಕಾರಣ ಹೂಳುವ ಜೀರುಂಡೆಗಳ ಸಂಸಾರ. ಗಂಡುಹೆಣ್ಣುಗಳೆರಡೂ ಕೂಡಿ ಇಲಿಯನ್ನೋ ಹಕ್ಕಿಯನ್ನೋ ಹೂತು, ಕೂದಲು ಗರಿಗಳನ್ನು ಕಿತ್ತು, ಮಾಂಸವನ್ನು ಉಂಡೆಕಟ್ಟಿ, ತಮ್ಮ ಸ್ರಾವಗಳನ್ನು ಬಳಿದು ಅದರ ಕೊಳೆಯುವಿಕೆಯನ್ನು ಹತೋಟಿಯಲ್ಲಿಡುತ್ತವೆ. ಮೊಟ್ಟೆಯೊಡೆದು ಬಂದ ಮರಿಹುಳುಗಳಿಗೆ ತಾಯಿತಂದೆಗಳು ಅರೆಜೀರ್ಣವಾದ ಆಹಾರವನ್ನು ಬಾಯಿಂದ ಬಾಯಿಗೆ ಉಣಿಸುತ್ತವೆ. ಎರ್ನ ಪುಕೋವ್ಸ್ಕಿ ಎಂಬ ಜರ್ಮನ್ ವಿದುಷಿ 1933ರಲ್ಲಿ ಪ್ರಕಟಿಸಿದ ಅಧ್ಯಯನವು ಈ ವಿಷಯದಲ್ಲಿ ಇಂದಿಗೂ ಅಡಿಗಲ್ಲು. ಅದಕ್ಕೆ ಮೊದಲು ಫ್ರಾನ್ಸಿನ ಫಾಬ್ರನು ಈ ಜೀರುಂಡೆಗಳಿಗೆ ಬುದ್ಧಿಯಿದೆಯೆಂಬ ಹಳೆಯ ಕಥೆಗಳನ್ನು ಪ್ರಯೋಗಗಳಿಂದ ಪರೀಕ್ಷಿಸಿ, ಆಲೋಚನೆಯೆಂದು ತೋರುವ ಅವುಗಳ ಕೆಲಸವು ಹುಟ್ಟುಗುಣವೇ ಎಂದು ವಾದಿಸಿದ್ದನು.

ಈ ಶಿಶುಪಾಲನೆ ಯಾವಾಗ ಹುಟ್ಟಿತು ? 2014ರಲ್ಲಿ ಕಾಯ್ ಮತ್ತು ಸಂಗಡಿಗರು ಬಹು ಪ್ರಾಚೀನ ಪಳೆಯುಳಿಕೆಗಳನ್ನು ಆಧರಿಸಿ ಉತ್ತರ ಕೊಟ್ಟರು. ಅವರ ಆಧಾರಗಳು ಮೂರು ಸ್ತರಗಳಿಂದ ಬಂದವು. ಒಳಮಂಗೋಲಿಯದ ದಾವೊಹುಗೌ ಎಂಬಲ್ಲಿಯ ಶಿಲೆಗಳು ಸುಮಾರು 16.5 ಕೋಟಿ ವರ್ಷ ಹಳೆಯವು. ಈಶಾನ್ಯ ಚೀನದ ಈಶಿಯಾನ್ ಶಿಲೆಗಳು ಸುಮಾರು 12.5 ಕೋಟಿ ವರ್ಷದವು. ಬರ್ಮಾದ ಅಂಬರ್, ಎಂದರೆ ಕಲ್ಲಾದ ಮರದ ಅಂಟು, ಸುಮಾರು 9.9 ಕೋಟಿ ವರ್ಷದ್ದು. ಅತ್ಯಂತ ಹಳೆಯ ಜೀರುಂಡೆಗಳಲ್ಲಿ ಸದ್ದುಮಾಡುವ ಅಂಗವಿಲ್ಲ. ಎರಡನೆಯ ಸ್ತರದ ಜೀರುಂಡೆಗಳ ಹೊಟ್ಟೆಯ ಮೇಲೆ ಜೋಡಿಯಾದ ಅರದಂಥ ಗೆರೆಗಳಿವೆ. ಇಂದಿನ ಹೂಳುವ ಜೀರುಂಡೆಗಳು ಇಂಥ ಗೆರೆಗಳಿಗೆ ಮುಂರೆಕ್ಕೆಯನ್ನು ತಿಕ್ಕಿ ಸದ್ದುಮಾಡುತ್ತವೆ, ಆ ಸದ್ದು ಪೋಷಕರಿಗೂ ಮರಿಗಳಿಗೂ ನಡುವೆ ಸಂಪರ್ಕವಾಗಿದೆ. ಆದುದರಿಂದ 12.5 ಕೋಟಿ ವರ್ಷಗಳ ಹಿಂದೆಯೇ ಶಿಶುಪಾಲನೆಯಿದ್ದಿರಬೇಕು. ಇದು ಅವರ ವಾದಸರಣಿ.

ಪಳೆಯುಳಿಕೆಗಳ ವರ್ಣನೆಯು ಶ್ಲಾಘನೀಯವಾದುದು. ಆದರೆ ವಾದದ ಸರಪಣಿಯ ಕೊಂಡಿಗಳನ್ನು ಬೇರೆಬೇರೆಯಾಗಿ ಎಳೆದುನೋಡಬೇಕು. ಅರದಂಥ ಗೆರೆಯಿತ್ತು ಎಂಬುದು ಪ್ರತ್ಯಕ್ಷ. ಗೆರೆಯಿದ್ದುದರಿಂದ ಸದ್ದಿತ್ತು ಎಂಬುದು ಬಲವಾದ ಅನುಮಾನ. ಸದ್ದಿದ್ದುದರಿಂದ ಶಿಶುಪಾಲನೆಯಿತ್ತು ಎಂಬುದು ದುರ್ಬಲವಾದ ಕೊಂಡಿ. ಏಕೆಂದರೆ ಇಂದಿನ ಹೂಳುವ ಜೀರುಂಡೆಯು ಆ ಸದ್ದನ್ನು ಒಂದೇ ಕೆಲಸಕ್ಕೆ ಬಳಸುವುದಿಲ್ಲ. ಶತ್ರು ಹಿಡಿದಾಗ ಅದು ಸದ್ದುಮಾಡುತ್ತದೆ, ಕೂಡುವಾಗಲೂ ಮಾಡುತ್ತದೆ, ಮರಿಗಳ ಬಳಿಯಲ್ಲಿಯೂ ಮಾಡುತ್ತದೆ. ಡಾರ್ವಿನ್ನನು 1871ರಲ್ಲಿ ಮನುಷ್ಯನ ಅವತರಣವನ್ನು ಕುರಿತ ಗ್ರಂಥದಲ್ಲಿ ಇದೇ ಜೀರುಂಡೆಯ ಇದೇ ಅಂಗವನ್ನು ಚಿತ್ರಸಮೇತ ವರ್ಣಿಸಿದ್ದಾನೆ. ಆದರೆ ಅವನು ಅದನ್ನು ವಿಚಾರಿಸಿದುದು ಗಂಡುಹೆಣ್ಣುಗಳ ಆಯ್ಕೆಯ ಪ್ರಕರಣದಲ್ಲಿ. ಒಂದೇ ಅಂಗವು 1871ರಲ್ಲಿ ಪ್ರಣಯದ ಸಾಕ್ಷಿಯಾಗಿ, 2014ರಲ್ಲಿ ವಾತ್ಸಲ್ಯದ ಸಾಕ್ಷಿಯಾಗಿ ನಿಂತಿತು. ಅಂಗವು ಬದಲಾಗಲಿಲ್ಲ, ಕೇಳಿದ ಪ್ರಶ್ನೆ ಬದಲಾಯಿತು. ಎರಡರಲ್ಲಿ ಯಾವ ಕೆಲಸಕ್ಕಾಗಿ ಆ ಅಂಗವು ಮೊದಲು ಹುಟ್ಟಿತೆಂಬುದನ್ನು ಶಿಲೆಯು ತಾನಾಗಿ ಹೇಳಲಾರದು.

ಇಲ್ಲಿ ಜೀವಂತ ಬಂಧುಗಳ ಸಾಕ್ಷ್ಯವೂ ಎಚ್ಚರಿಕೆಯನ್ನೇ ಬೋಧಿಸುತ್ತದೆ. ಪೂರ್ವ ಏಷ್ಯದ ಟೋಮಾಸ್ಕೋಪಸ್ ಎಂಬ ಜಾತಿಯು ನಿಕ್ರೋಫೋರಸಿಗೆ ಅತಿ ಸಮೀಪದ ಬಂಧು. ಅದು ನಿಕ್ರೋಫೋರಸಿನಂತೆ ಹೆಣವನ್ನು ಹೂತು ಉಂಡೆಕಟ್ಟಿ ಮರಿಗಳಿಗೆ ಉಣಿಸುವ ಪೂರ್ಣ ಸಂಸಾರವನ್ನು ನಡೆಸುವುದಿಲ್ಲ. ನೇಪಾಳದಿಂದ 1985ರಲ್ಲಿ ವರ್ಣಿತವಾದ ಈಯೋನೆಕ್ರೋಫೋರಸ್ ಎಂಬ ಮೂರನೆಯ ಜಾತಿಯೂ ಇದೇ ಪಂಗಡಕ್ಕೆ ಸೇರಿದೆ. ಹೀಗಿರುವಾಗ ‘ಶಿಶುಪಾಲನೆ’ ಎಂಬ ಒಂದೇ ಪದದಲ್ಲಿ ಮೊಟ್ಟೆಗಳ ಬಳಿ ಕಾಯುವುದು, ಮರಿಗಳನ್ನು ರಕ್ಷಿಸುವುದು, ಬಾಯಿಂದ ಉಣಿಸುವುದು ಎಂಬ ಮೂರು ಬೇರೆ ಕಾರ್ಯಗಳನ್ನು ಅಡಗಿಸಿ, ಅವೆಲ್ಲವೂ ಒಮ್ಮೆಗೇ 12.5 ಕೋಟಿ ವರ್ಷಗಳ ಹಿಂದೆ ಇದ್ದುವೆಂಬಂತೆ ಬರೆಯುವುದು ಸಾಕ್ಷ್ಯವನ್ನು ಮೀರಿದ ಮಾತು. ಅವು ಒಂದಾದಮೇಲೊಂದರಂತೆ, ದೀರ್ಘಕಾಲದ ಅಂತರದಲ್ಲಿ ಕೂಡಿಕೊಂಡಿರಬಹುದು.

ಈ ಅತಿರೇಕಕ್ಕೆ ಮೂಲವಾದ ಒಂದು ಮನೋಧರ್ಮವಿದೆ. ವಂಶವೃಕ್ಷವನ್ನು ಏಣಿಯೆಂದು ಓದುವುದೇ ಅದು. ಕೆಳಗೆ ಹೆಣವನ್ನು ಮುಕ್ಕುವ ಒರಟು ಸಿಲ್ಫ, ಮೇಲೆ ಗೃಹಸ್ಥನಾದ ನಿಕ್ರೋಫೋರಸ್. ಆದರೆ ಇಂದಿನ ಸಿಲ್ಫವು ಇಂದಿನ ನಿಕ್ರೋಫೋರಸಿನ ಅಜ್ಜನಲ್ಲ. ಇಬ್ಬರೂ ಒಂದೇ ಅಜ್ಜನ ಮೊಮ್ಮಕ್ಕಳು. ಬಸವನಹುಳುವಿನ ಬೇಟೆಗಾರನೂ, ಬೀಟ್ ಎಲೆಯನ್ನು ಮೇಯುವವನೂ ಅಷ್ಟೇ ದೀರ್ಘವಾದ ಚರಿತ್ರೆಯನ್ನು ಹೊತ್ತವರು. ಸಂಸಾರ ಮಾಡುವ ಜೀರುಂಡೆ ನಮಗೆ ಆತ್ಮೀಯವೆಂದು ತೋರುವುದರಿಂದ ಅದನ್ನು ಶಿಖರದಲ್ಲಿಡುವುದು ನಮ್ಮ ಅಭಿರುಚಿಯೇ ಹೊರತು ಪ್ರಕೃತಿಯ ತೀರ್ಪಲ್ಲ.

6. ಫಲಿತಾರ್ಥ

ಮೇಲಿನ ವಿಮರ್ಶೆಯಿಂದ ಹೊರಡುವ ತೀರ್ಮಾನಗಳು ಇವು. ಶವಾಹಾರಿ ಜೀರುಂಡೆಗಳು ಸ್ಟ್ಯಾಫಿಲಿನಿಡೇ ಮಹಾಕುಟುಂಬದೊಳಗಿನ ಒಂದು ಕೊಂಬೆ ಎಂಬುದನ್ನು ಸ್ವತಂತ್ರವಾದ ಹಲವು ಸಾಕ್ಷ್ಯಗಳು ಸಮರ್ಥಿಸುವುದರಿಂದ ಅದನ್ನು ಅಂಗೀಕರಿಸಬೇಕು. ಅವುಗಳನ್ನು ಉಪಕುಟುಂಬವೆಂದು ಕರೆಯುವುದು ಇದರಿಂದ ಅನಿವಾರ್ಯವಾಗಿ ಹೊರಡುವ ಫಲವಲ್ಲ, ಆದರೆ ಲಭ್ಯವಾದ ದಾರಿಗಳಲ್ಲಿ ಅತ್ಯಂತ ಮಿತವಾದುದು. ಅವುಗಳ ನಿಕಟತಮ ಸೋದರಶಾಖೆಯ ಪ್ರಶ್ನೆಯೂ, ಶಿಶುಪಾಲನೆಯ ಉಗಮಕಾಲದ ಪ್ರಶ್ನೆಯೂ ತೆರೆದೇ ಇವೆ.

ಇಂಥ ಸೂಕ್ಷ್ಮಗಳಿಂದ ನಮ್ಮ ಕಾಲೇಜುಗಳಿಗೆ ಆಗಬೇಕಾದುದೇನು ಎಂದು ಕೇಳಬಹುದು. ಈ ಜೀರುಂಡೆಗಳು ಬಹುಮಟ್ಟಿಗೆ ಉತ್ತರದ ಸಮಶೀತೋಷ್ಣ ದೇಶಗಳವು. ನಮ್ಮ ದೇಶದಲ್ಲಿ ಹಿಮಾಲಯದ ಕಡೆಯಲ್ಲಿ ನಿಕ್ರೋಫೋರಸ್ ನೇಪಾಲೆನ್ಸಿಸ್‌ನಂಥವು ದೊರೆಯುತ್ತವೆ. ಉಷ್ಣವಲಯದ ಬಯಲುಗಳಲ್ಲಿ ಇರುವೆಗಳೂ ನೊಣಗಳೂ ಕಳೇಬರವನ್ನು ಬೇಗನೆ ವಶಪಡಿಸಿಕೊಳ್ಳುವುದು ಇವುಗಳ ವಿರಳತೆಗೆ ಒಂದು ಕಾರಣವೆಂದು ಎಣಿಸುತ್ತಾರೆ. ಆದರೂ ಪ್ರಶ್ನೆ ನಮ್ಮದೇ. ನಮ್ಮ ತರಗತಿಗಳಲ್ಲಿ ವರ್ಗೀಕರಣವನ್ನು ಬಾಯಿಪಾಠದ ಪಟ್ಟಿಯಾಗಿಯೂ, ಇತಿಹಾಸವನ್ನು ಇಸವಿಗಳ ಪಟ್ಟಿಯಾಗಿಯೂ ಕಲಿಸುವ ರೂಢಿ ಇನ್ನೂ ಹೋಗಿಲ್ಲ. ಕುಟುಂಬದ ಹೆಸರೊಂದು ಪಾಠಪುಸ್ತಕದಲ್ಲಿ ಬದಲಾದಾಗ ವಿದ್ಯಾರ್ಥಿಗೆ ಅದು ಕಂಠಪಾಠಕ್ಕೆ ಬಂದ ವಿಘ್ನವಾಗಿ ಮಾತ್ರ ಕಾಣುತ್ತದೆ. ಹಳೆಯ ಹೆಸರು ಯಾವ ಆಧಾರದ ಮೇಲೆ ನಿಂತಿತ್ತು, ಹೊಸದು ಯಾವುದರ ಮೇಲೆ ನಿಂತಿದೆ, ಎರಡನ್ನೂ ಹೇಗೆ ತೂಗಬೇಕು ಎಂದು ಅವನಿಗೆ ತೋರಿಸಿಕೊಟ್ಟರೆ, ಅದೇ ಬದಲಾವಣೆ ಒಂದು ಶಿಕ್ಷಣವಾಗುತ್ತದೆ.

ಲಾತ್ರೇಯ್‌ನ ಎರಡು ಕುಟುಂಬಗಳು ಒಂದಾದುವು ಎಂಬುದರಿಂದ ಅವನ ವಿದ್ವತ್ತಿಗೆ ಕುಂದಿಲ್ಲ. ಅವನು ತನ್ನ ಕಾಲದಲ್ಲಿ ದೊರೆತ ಸಾಕ್ಷ್ಯವನ್ನು ಪ್ರಾಮಾಣಿಕವಾಗಿ ಓದಿದನು. ಮುಂದಿನವರು ಹೊಸ ಸಾಕ್ಷ್ಯವನ್ನು ಅಷ್ಟೇ ಪ್ರಾಮಾಣಿಕವಾಗಿ ಓದಿ ಅವನನ್ನು ತಿದ್ದಿದರು. ಇವರನ್ನೂ ಮುಂದೆ ತಿದ್ದುವವರು ಬರಬಹುದು. ಪ್ರಾಣಿಶಾಸ್ತ್ರದ ವಿಭಾಗವೂ ಇತಿಹಾಸದ ವಿಭಾಗವೂ ಗೋಡೆಯ ಆಚೀಚೆ ಇದ್ದುಕೊಂಡು ಬೋಧಿಸುತ್ತಿರುವುದು ಈ ಒಂದೇ ವಿದ್ಯೆಯನ್ನು. ವಿದ್ಯಾರ್ಥಿಗಳು ಆ ಗೋಡೆಯನ್ನು ದಾಟಿ ಎರಡನ್ನೂ ಕೇಳುವಂತಾದರೆ ಎರಡು ವಿಭಾಗಗಳಿಗೂ ಲಾಭವಿದೆ.